ಅಣ್ಣಿಗೇರಿಯಿಂದ ನಾಡನ್ನಾಳಿದವರು

ಕ್ರಿ.ಶ. 866ರಲ್ಲಿ ನವಲಗುಂದ ಸೀಮೆಯ ಶಿರೂರಿನಲ್ಲಿ ತುಪ್ಪದ ಮೇಲಿನ ತೆರಿಗೆ ಮಾಫಿಯಾಯಿತು. ಮಾಫಿ ಮಾಡಿದವನು ಮಾನ್ಯಖೇಟದ ಸಿಂಹಾಸನದ ಮೇಲೆ ಕೂತಿದ್ದ ರಾಷ್ಟ್ರಕೂಟ ಅರಸ ಅಮೋಘವರ್ಷ ನೃಪತುಂಗನಲ್ಲ, ಅಣ್ಣಿಗೇರಿಯಲ್ಲಿ ನೆಲೆಸಿ ಬೆಳ್ವೊಲ ಮುನ್ನೂರು ಎಂಬ ನಾಡನ್ನು ಆಳುತ್ತಿದ್ದ ದೇವಣ್ಣಯ್ಯ. ಶಿರೂರಿನ ಕಲ್ಲು ಮೊದಲು ಚಕ್ರವರ್ತಿಯ ಬಿರುದುಗಳನ್ನೆಲ್ಲ ಹೇಳಿ, ಆಮೇಲೆ ದೇವಣ್ಣಯ್ಯನ ಹೆಸರಿಗೆ ಬರುತ್ತದೆ. ಓದಿ ಮುಗಿಸಿದ ಮೇಲೆ ನನ್ನ ಮನಸ್ಸಿನಲ್ಲಿ ನಿಂತದ್ದು ಬಿರುದುಗಳಲ್ಲ, ಆ ತುಪ್ಪದ ತೆರಿಗೆ. ಹಸು-ಎಮ್ಮೆ ಕಟ್ಟಿಕೊಂಡು ಬದುಕಿದ್ದ ಒಂದೂರಿನ ಮಂದಿಗೆ ಅಂದು ಸರ್ಕಾರ ಅಂದರೆ ಯಾರು ಎಂಬ ಪ್ರಶ್ನೆಗೆ ಇಷ್ಟು ನೇರವಾದ ಉತ್ತರ ಬೇರೆಲ್ಲೂ ಸಿಗಲಿಕ್ಕಿಲ್ಲ.

ನಮ್ಮ ಪಠ್ಯಪುಸ್ತಕಗಳು ಇತಿಹಾಸವನ್ನು ಅರಸರ ಸಾಲಿನಲ್ಲಿ ಪೋಣಿಸಿ ಹೇಳುತ್ತವೆ. ರಾಷ್ಟ್ರಕೂಟರು, ಕಲ್ಯಾಣದ ಚಾಲುಕ್ಯರು, ಕಲಚುರಿಗಳು, ಸೇವುಣರು, ಹೊಯ್ಸಳರು. ಆದರೆ ಇಂದಿನ ಹುಬ್ಬಳ್ಳಿ-ಧಾರವಾಡದ ಸುತ್ತಲಿನ ಜನ ಈ ಅರಸರ ಮುಖ ಕಂಡದ್ದು ಅಪರೂಪ. ಅವರು ಕಂಡದ್ದು ನಾಡಿನ ಅಧಿಪತಿಯನ್ನು. ಸುಂಕ ಕೊಟ್ಟದ್ದು ಅವನ ಅಧಿಕಾರಿಗಳಿಗೆ, ವ್ಯಾಜ್ಯ ಒಯ್ದದ್ದು ಅವನ ಬಾಗಿಲಿಗೆ, ಯುದ್ಧ ಬಂದಾಗ ಹೋದದ್ದು ಅವನ ದಂಡಿನ ಹಿಂದೆ. ಆ ಪದವಿಯ ಮುನ್ನೂರು ವರ್ಷಗಳ ಏಳುಬೀಳು ಈ ಭಾಗದ ನಿಜವಾದ ರಾಜಕೀಯ ಇತಿಹಾಸ ಎಂದು ನಾನು ನಂಬಿದ್ದೇನೆ.

ಹುಬ್ಬಳ್ಳಿಯಿಂದ ಗದಗಿನ ಹಾದಿ ಹಿಡಿದರೆ ಮಣ್ಣಿನ ಬಣ್ಣ ಕಪ್ಪಾಗುತ್ತ ಹೋಗುತ್ತದೆ. ಹಿಂಗಾರಿ ಜೋಳ, ಕಡಲೆ, ಕುಸುಬಿ, ಹತ್ತಿಯ ಎರೆಭೂಮಿ ಅದು. ಅಣ್ಣಿಗೇರಿ, ನವಲಗುಂದ, ಗದಗ, ಲಕ್ಕುಂಡಿ, ಕುಕನೂರು, ರೋಣದ ಸೀಮೆ ಎಲ್ಲ ಸೇರಿ ಬೆಳ್ವೊಲ ಮುನ್ನೂರು. ಅದಕ್ಕೆ ಅಂಟಿಕೊಂಡು ದಕ್ಷಿಣಕ್ಕೆ ಲಕ್ಷ್ಮೇಶ್ವರದ ಪುಲಿಗೆರೆ ಮುನ್ನೂರು. ಪಶ್ಚಿಮಕ್ಕೆ ತಿರುಗಿದರೆ ಮಳೆ ಹೆಚ್ಚು, ಕಾಡು ಹತ್ತಿರ. ಅಲ್ಲಿ ಹಲಸಿಗೆ ಹನ್ನೆರಡು ಸಾವಿರ, ಅದರೊಳಗೆ ಕುಂದೂರು ಐನೂರು. ಈ ಕುಂದೂರೇ ಧಾರವಾಡದಿಂದ ಬೆಳಗಾವಿ ದಾರಿಯಲ್ಲಿ ಸಿಗುವ ಇಂದಿನ ನರೇಂದ್ರ ಎಂದು ವಿದ್ವಾಂಸರು ಗುರುತಿಸಿದ್ದಾರೆ. ಹೀಗೆ ಅವಳಿನಗರದ ಎರಡು ಮಗ್ಗುಲಲ್ಲಿ ಎರಡು ಬಗೆಯ ನಾಡುಗಳಿದ್ದವು. ಆಳಿದವರ ಬಗೆಯೂ ಬೇರೆ ಬೇರೆ. ಪೂರ್ವದ ಎರೆನಾಡಿಗೆ ಅರಸ ತನಗೆ ಬೇಕಾದವನನ್ನು ಕಳಿಸುತ್ತಿದ್ದ, ಬೇಡವಾದಾಗ ಬದಲಿಸುತ್ತಿದ್ದ. ಪಶ್ಚಿಮದ ಮಲೆಸೆರಗು ಮಾತ್ರ ಗೋವೆಯ ಕದಂಬರ ಮನೆತನದ ಸೊತ್ತಿನಂತೆ ತಂದೆಯಿಂದ ಮಗನಿಗೆ ಇಳಿಯಿತು.

ನಾಡನ್ನು ಆಳುವವನ ಹೆಸರುಗಳು ಹಲವು. ಮಹಾಸಾಮಂತ, ಮಹಾಮಂಡಲೇಶ್ವರ, ದಂಡನಾಯಕ. ಒಬ್ಬನ ಹುಟ್ಟು ಅರಸುಮನೆತನದಲ್ಲಿ, ಇನ್ನೊಬ್ಬನದು ದಂಡಿನಲ್ಲಿ, ಮತ್ತೊಬ್ಬನದು ಲೆಕ್ಕದ ಕರಣಿಕೆಯಲ್ಲಿ. ಸಂಬಳದ ಬದಲು ಅವನಿಗೆ ನಾಡಿನ ಆದಾಯದಲ್ಲಿ ಪಾಲು ಇರುತ್ತಿತ್ತು, ಅದರಿಂದಲೇ ದಂಡು ಸಾಕಬೇಕಿತ್ತು. ಅವನ ಕೈಕೆಳಗೆ ಪೆರ್ಗಡೆಗಳು, ಕರಣರು, ಸುಂಕದ ಅಧಿಕಾರಿಗಳು. ಅವರಿಗೂ ಕೆಳಗೆ ನಾಳ್ಗಾವುಂಡ, ಊರ್ಗಾವುಂಡ. ವಡ್ಡರಾವುಳ, ಪೆರ್ಜುಂಕ, ಪನ್ನಾಯ ಎಂದು ಸುಂಕದ ಬಾಬುಗಳು ಬೇರೆ ಬೇರೆ ಇದ್ದು, ದೊಡ್ಡ ಬಾಬುಗಳನ್ನು ನೋಡಿಕೊಳ್ಳಲು ರಾಜಧಾನಿಯಿಂದಲೇ ಪ್ರತ್ಯೇಕ ಅಧಿಕಾರಿಗಳು ನೇಮಕವಾಗುತ್ತಿದ್ದರು. ಅಂದರೆ ನಾಡಿನ ಅಧಿಪತಿಯ ಪಕ್ಕದಲ್ಲೇ ಅರಸನ ಕಣ್ಣೊಂದು ಕೂತಿರುತ್ತಿತ್ತು. ಕೆಳಗಿನಿಂದಲೂ ಅವನಿಗೆ ತಡೆ ಇತ್ತು. ಲೊಕ್ಕಿಗುಂಡಿಯ, ಅಂದರೆ ಇಂದಿನ ಲಕ್ಕುಂಡಿಯ, ಸಾಸಿರ್ವರು ಮಹಾಜನರು, ಊರೂರಿನ ಸೆಟ್ಟಿಗಳು, ಎಣ್ಣೆಗಾಣದ ಒಕ್ಕಲು, ಅಯ್ಯಾವೊಳೆ ಐನೂರ್ವರ ವ್ಯಾಪಾರಿ ಸಂಘ ಇವರನ್ನೆಲ್ಲ ಬಿಟ್ಟು ಒಂದು ದತ್ತಿಯನ್ನೂ ನಡೆಸುವ ಹಾಗಿರಲಿಲ್ಲ. ದಾನಶಾಸನಗಳಲ್ಲಿ ಇವರ ಹೆಸರು ಮತ್ತೆ ಮತ್ತೆ ಬರುವುದು ಸುಮ್ಮನೆ ಅಲ್ಲ.

ಇಂಥ ಅಧಿಪತಿಗಳಲ್ಲಿ ದೊಡ್ಡ ಹೆಸರು ಮಾಡಿದವನು ಬಂಕೆಯ, ಮುಕುಲ ಕುಲದವನು. ಅಮೋಘವರ್ಷನ ಕೆಳಗೆ ಬನವಾಸಿ ಮೊದಲಾದ ನಾಡುಗಳನ್ನು ಆಳಿದವನು. ನರಗುಂದ ಸೀಮೆಯ ಕೊಣ್ಣೂರಿನಲ್ಲಿ ಅವನು ಕಟ್ಟಿಸಿದ ಬಸದಿಗೆ 860ರಲ್ಲಿ ಅಮೋಘವರ್ಷ ಕೊಟ್ಟ ದಾನದ ಪಾಠ ಕಲ್ಲಿನ ಮೇಲೆ ಉಳಿದಿದೆ. ಮೂಲ ದಾನಪತ್ರವನ್ನು ಎಷ್ಟೋ ಕಾಲದ ಮೇಲೆ ಕಲ್ಲಿಗಿಳಿಸಿದ ಪ್ರತಿ ಅದು. ಅದರಲ್ಲಿ ಒಂದು ಕಥೆ ಇದೆ. ಗಂಗರ ಮೇಲೆ ದಂಡೆತ್ತಿ ಹೋದ ಬಂಕೆಯ ಕೇದಳದ ಕೋಟೆ ಹಿಡಿದು, ತಲಕಾಡಿನ ಒಡೆಯನನ್ನು ಓಡಿಸಿ, ಕಾವೇರಿ ದಾಟಿದ್ದಾನೆ. ಅಷ್ಟರಲ್ಲಿ ಮನೆಯಲ್ಲೇ ಬೆಂಕಿ: ಅರಸನ ಮಗನೇ ದಂಗೆಕೋರರ ಜೊತೆ ಸೇರಿದ್ದಾನೆ. ಅರಸನ ಕರೆ ಬಂದೊಡನೆ ಬಂಕೆಯ ಗೆದ್ದ ನೆಲವನ್ನು ಬಿಟ್ಟು ತಿರುಗುತ್ತಾನೆ. ಮೂರು ತಿಂಗಳೊಳಗೆ ವೈರಿಗಳನ್ನು ಅಡಗಿಸಿ ಒಡೆಯನಿಗೆ ನೆಮ್ಮದಿ ತಾರದಿದ್ದರೆ ಬೆಂಕಿಗೆ ಬೀಳುತ್ತೇನೆ ಎಂದು ಶಪಥ ಮಾಡುತ್ತಾನೆ. ಮಾತು ಉಳಿಸಿಕೊಂಡ. ಅವನ ಹೆಸರಿನ ಬಂಕಾಪುರ ಇಂದಿಗೂ ಇದೆ, ಹುಬ್ಬಳ್ಳಿಯಿಂದ ಹಾವೇರಿಗೆ ಹೋಗುವ ಹೆದ್ದಾರಿಯ ಹತ್ತಿರ. ಮುಂದೆ ಅವನ ಮಗ ಲೋಕಾದಿತ್ಯ ಅದೇ ಬಂಕಾಪುರದಿಂದ ಬನವಾಸಿ ನಾಡನ್ನು ಆಳುತ್ತಿದ್ದಾಗ, 898ರಲ್ಲಿ, ಗುಣಭದ್ರರ ಉತ್ತರಪುರಾಣಕ್ಕೆ ಅಲ್ಲಿ ಪೂಜೆ ಸಂದಿತು. ನಿಷ್ಠೆಗೆ ಸಿಕ್ಕ ಪದವಿ ಒಂದು ತಲೆಮಾರಿನೊಳಗೆ ಮಗನ ಕೈಗೆ ಬಂದದ್ದನ್ನು ಗಮನಿಸಬೇಕು. ಅರಸರಿಗೆ ಇದರ ಅಪಾಯ ಗೊತ್ತಿರಲಿಲ್ಲವೆಂದಲ್ಲ. ಗೊತ್ತಿದ್ದೂ ತಡೆಯುವುದು ಕಷ್ಟವಿತ್ತು.

ಬೆಳ್ವೊಲ ಒಮ್ಮೆ ವರದಕ್ಷಿಣೆಯಾಗಿಯೂ ಕೈಬದಲಾಯಿತು! ರಾಷ್ಟ್ರಕೂಟ ಮೂರನೆಯ ಅಮೋಘವರ್ಷ ತನ್ನ ಮಗಳು ರೇವಕನಿಮ್ಮಡಿಯನ್ನು ಗಂಗರ ಇಮ್ಮಡಿ ಬೂತುಗನಿಗೆ ಕೊಟ್ಟು ಮದುವೆ ಮಾಡಿದಾಗ ಪುಲಿಗೆರೆ ಮುನ್ನೂರು, ಬೆಳ್ವೊಲ ಮುನ್ನೂರು, ಕಿಸುಕಾಡು ಎಪ್ಪತ್ತು, ಬಾಗೆನಾಡು ಎಪ್ಪತ್ತನ್ನು ಬಳುವಳಿಯಾಗಿ ಕೊಟ್ಟನೆಂದು ಗಂಗರ ಹೆಬ್ಬಾಳ ಶಾಸನ ಹೇಳುತ್ತದೆ. ಬೂತುಗನೂ ಋಣ ತೀರಿಸಿದ. 949ರಲ್ಲಿ ತಕ್ಕೋಲದ ರಣದಲ್ಲಿ, ರಾಷ್ಟ್ರಕೂಟ ಅರಸ ಮೂರನೆಯ ಕೃಷ್ಣನ ಪರವಾಗಿ ಹೋರಾಡುತ್ತ, ಚೋಳ ಯುವರಾಜ ರಾಜಾದಿತ್ಯನನ್ನು ಕೊಂದವನು ಅವನೇ. ಮಂಡ್ಯ ಸೀಮೆಯ ಆತಕೂರಿನ ಕಲ್ಲು ಇದೇ ಸಂಗತಿಯನ್ನು ದಾಖಲಿಸಿ, ಕೃಷ್ಣ ಮೆಚ್ಚಿ ಬನವಾಸಿ ಹನ್ನೆರಡು ಸಾವಿರದ ಜೊತೆಗೆ ಈ ನಾಡುಗಳನ್ನು ಬೂತುಗನಿಗೆ ಕೊಟ್ಟನೆಂದು ಹೇಳುತ್ತದೆ. ಅದೇ ಕಲ್ಲಿನ ಮೇಲೆ ಬೂತುಗನ ಆಳು ಮಣಲೆರನ ಮಾತೂ ಇದೆ. ಒಡೆಯ ಏನು ಬೇಕೆಂದು ಕೇಳಿದಾಗ ಅವನು ಬೇಡಿದ್ದು ಕಾಳಿ ಎಂಬ ಬೇಟೆನಾಯಿಯನ್ನು. ಆ ನಾಯಿ ಹಂದಿಯೊಡನೆ ಸೆಣಸಿ ಸತ್ತಾಗ ನಿಲ್ಲಿಸಿದ ಕಲ್ಲು ಅದು. ಮೇಲಿನವನಿಗೆ ಬೆಳ್ವೊಲ, ಕೆಳಗಿನವನಿಗೆ ಬೇಟೆನಾಯಿ. ಸೇವೆಗೆ ಮೆಚ್ಚುಗೆ ಎಂಬ ಒಂದೇ ಕಟ್ಟಳೆ ಮೇಲಿನಿಂದ ಕೆಳಗಿನವರೆಗೆ ಹರಿದಿತ್ತು.

ಬೆಳ್ವೊಲವನ್ನು ಆಳುವಾಗ ಬೂತುಗ ಅಣ್ಣಿಗೇರಿಯಲ್ಲಿ ಒಂದು ಬಸದಿ ಕಟ್ಟಿಸಿ, ಅದರ ಖರ್ಚಿಗೆ ಗವರವಾಡ ಮೊದಲಾದ ಊರುಗಳನ್ನು ಬಿಟ್ಟುಕೊಟ್ಟ. ಅಣ್ಣಿಗೇರಿಗೆ ಜೈನ ನಂಟು ಅದಕ್ಕಿಂತ ಹಳೆಯದು. ಬಾದಾಮಿಯ ಕೊನೆಯ ಅರಸ ಇಮ್ಮಡಿ ಕೀರ್ತಿವರ್ಮನ ಆರನೆಯ ಆಳ್ವಿಕೆಯ ವರ್ಷದಲ್ಲಿ, ಅಂದರೆ 750ರ ಸುಮಾರಿಗೆ, ಜೇಬುಳಗೇರಿಯ ಗಾವುಂಡ ಕಲಿಯಮ್ಮ ಇಲ್ಲಿ ಚೇದಿಯ, ಅಂದರೆ ಜಿನಾಲಯ, ಕಟ್ಟಿಸಿದ ಶಾಸನವಿದೆ. ಆದಿಕವಿ ಪಂಪನ ತಾಯಿ ಅಬ್ಬಣಬ್ಬೆಯ ತವರೂ ಇದೇ ಅಣ್ಣಿಗೇರಿ, ಇಲ್ಲಿನ ಜೋಯಿಸ ಸಿಂಘನ ವಂಶ. ಪಂಪನ ತಮ್ಮ ಜಿನವಲ್ಲಭನ ಕುರಿಕ್ಯಾಲ ಶಾಸನ ಇದನ್ನು ಹೇಳುತ್ತದೆ.

973ರಲ್ಲಿ ರಾಷ್ಟ್ರಕೂಟರು ಬಿದ್ದರು. ಬೀಳಿಸಿದವನು ಹೊರಗಿನವನಲ್ಲ, ಅವರದೇ ತರ್ದವಾಡಿ ಸಾವಿರ ನಾಡಿನ ಅಧಿಪತಿಯಾಗಿದ್ದ ಚಾಲುಕ್ಯ ತೈಲಪ. ಇಂದಿನ ವಿಜಯಪುರ ಜಿಲ್ಲೆಯ ಆ ನಾಡನ್ನು ಮೂರನೆಯ ಕೃಷ್ಣನೇ ಅವನಿಗೆ ಜೀವಿತವಾಗಿ ಕೊಟ್ಟಿದ್ದ. ತರ್ದವಾಡಿಯ ಹೆಸರನ್ನು ಓದುಗರು ನೆನಪಿಟ್ಟುಕೊಳ್ಳಬೇಕು. ಎರಡು ಶತಮಾನದ ಬಳಿಕ ಅದು ಮತ್ತೆ ಬರುತ್ತದೆ.

ತೈಲಪನಿಂದ ಶುರುವಾದ ಈ ಹೊಸ, ಕಲ್ಯಾಣದ ಚಾಲುಕ್ಯರ ಕಾಲದಲ್ಲಿ ಚೋಳರ ದಂಡು ಮತ್ತೆ ಮತ್ತೆ ಉತ್ತರಕ್ಕೆ ನುಗ್ಗಿತು. ಒಂದು ಬಾರಿ ಅದು ಬೆಳ್ವೊಲದೊಳಗೇ ಬಂದು ಗುಡಿ ಬಸದಿಗಳಿಗೆ ಬೆಂಕಿ ಇಟ್ಟಿತು. ಬೂತುಗ ಕಟ್ಟಿಸಿದ ಅಣ್ಣಿಗೇರಿಯ ಬಸದಿಯೂ ಸುಟ್ಟುಹೋಯಿತು. ಗವರವಾಡದ ಶಾಸನ ಇದನ್ನು ಹೇಳುವಾಗ ಶಾಸನಗಳ ಮಾಮೂಲಿ ಗತ್ತು ಮರೆತು ಸಿಟ್ಟಿನಿಂದ ಮಾತಾಡುತ್ತದೆ. ಆ ಚೋಳ ತನ್ನ ಕುಲಧರ್ಮ ಬಿಟ್ಟವನು, ಪಾಪಿ. ಕೊನೆಗೆ ಚಾಲುಕ್ಯ ಅರಸ ತ್ರೈಲೋಕ್ಯಮಲ್ಲ ಸೋಮೇಶ್ವರನಿಗೆ ಯುದ್ಧದಲ್ಲಿ ತಲೆ ಒಪ್ಪಿಸಿ ನಾಶವಾದ. 1054ರಲ್ಲಿ ಕೊಪ್ಪಂ ಕದನದಲ್ಲಿ ಆನೆಯ ಮೇಲೆ ಸತ್ತ ರಾಜಾಧಿರಾಜನೇ ಇವನೆಂದು ವಿದ್ವಾಂಸರು ಗುರುತಿಸಿದ್ದಾರೆ.

ಅರಸರ ಕಥೆ ಹೇಳುವವರು ಇಲ್ಲಿಗೆ ನಿಲ್ಲಿಸುತ್ತಾರೆ. ವೈರಿ ಸತ್ತ, ಸೇಡು ತೀರಿತು. ಆದರೆ ಅಣ್ಣಿಗೇರಿಯಲ್ಲಿ ಬಸದಿ ಸುಟ್ಟೇ ಇತ್ತು. ಅದಕ್ಕೆ ಬಿಟ್ಟ ಊರುಗಳ ಆದಾಯ ದಾರಿ ತಪ್ಪಿತ್ತು. ಯುದ್ಧ ಗೆದ್ದ ಸೋಮೇಶ್ವರ 1068ರಲ್ಲಿ ಕುರುವತ್ತಿಯ ಬಳಿ ತುಂಗಭದ್ರೆಗಿಳಿದು ಪ್ರಾಣ ಬಿಟ್ಟ. ಮಗ ಭುವನೈಕಮಲ್ಲ ಇಮ್ಮಡಿ ಸೋಮೇಶ್ವರ ಪಟ್ಟಕ್ಕೆ ಬಂದ. ಆಗ ಬೆಳ್ವೊಲ ಮತ್ತು ಪುಲಿಗೆರೆ ಎರಡನ್ನೂ ಆಳುತ್ತಿದ್ದವನು ಮಂಡಲಿಕ ಲಕ್ಷ್ಮ. 1071-72ರಲ್ಲಿ ಸುಟ್ಟ ಆ ಬಸದಿಯನ್ನು ಲಕ್ಷ್ಮ ಮತ್ತೆ ನಿಲ್ಲಿಸಿ, ಹಳೆಯ ದತ್ತಿಯನ್ನು ಮತ್ತೆ ಜಾರಿಗೆ ತಂದ. ತ್ರಿಭುವನಚಂದ್ರ ಮುನಿಗಳ ಪಾದ ತೊಳೆದು ನೀರು ಬಿಟ್ಟು ದಾನ ಒಪ್ಪಿಸಿದ. ಬೂತುಗ ಹೋಗಿ ನೂರು ವರ್ಷವಾಗಿತ್ತು, ಗಂಗರ ಅರಸೊತ್ತಿಗೆಯೇ ಅಳಿದಿತ್ತು, ರಾಷ್ಟ್ರಕೂಟರು ಉಳಿದಿರಲಿಲ್ಲ. ಆದರೂ ಹಿಂದಿನ ಅಧಿಪತಿ ಬರೆದುಕೊಟ್ಟದ್ದು ಇಂದಿನ ಅಧಿಪತಿಗೆ ಕಟ್ಟಿಬಿದ್ದ ಮಾತಾಗಿತ್ತು. ವಂಶ ಬದಲಾದರೂ ಪದವಿ ಬದಲಾಗಲಿಲ್ಲ, ಅದರ ಹೊಣೆಯೂ ಬದಲಾಗಲಿಲ್ಲ. ಈ ಒಂದು ಶಾಸನಕ್ಕಾಗಿ ನಾನು ಹತ್ತು ದಿಗ್ವಿಜಯದ ಶಾಸನಗಳನ್ನು ಬಿಟ್ಟುಕೊಡಲು ಸಿದ್ಧ.

ಇದೇ ಹೊತ್ತಿಗೆ ಸಮುದ್ರದಾಚೆ ಸಿಂಹಳದಲ್ಲೂ ಚೋಳರ ವಿರುದ್ಧ ಹೋರಾಟ ನಡೆದಿತ್ತು. 1070ರಲ್ಲಿ ಮೊದಲನೆಯ ವಿಜಯಬಾಹು ಪೊಲನ್ನರುವದಿಂದ ಚೋಳರನ್ನು ಹೊರಹಾಕಿದ. ಸಿಂಹಳದ ಚೂಳವಂಸ ಕರ್ಣಾಟದ ಅರಸನಿಂದ ಅವನ ಆಸ್ಥಾನಕ್ಕೆ ದೂತರು ಬಂದದ್ದನ್ನು ಹೇಳುತ್ತದೆ. ಅವರೊಡನೆ ಕಾಣಿಕೆ ಹೊತ್ತು ಹೊರಟ ಸಿಂಹಳದ ದೂತರ ಮೂಗು ಕಿವಿಗಳನ್ನು ಚೋಳರು ತಮ್ಮ ನೆಲದಲ್ಲಿ ಕೊಯ್ದುಬಿಟ್ಟರಂತೆ. ಆ ಕರ್ಣಾಟದ ಅರಸ ಇಮ್ಮಡಿ ಸೋಮೇಶ್ವರನ ಬಳಿಕ ಪಟ್ಟಕ್ಕೆ ಬಂದ ನಮ್ಮ ಚಾಲುಕ್ಯ ಆರನೆಯ ವಿಕ್ರಮಾದಿತ್ಯ. ಸಿಂಹಳದ ಅರಸೊತ್ತಿಗೆ ಮುಂದೆ ಕ್ಯಾಂಡಿಯಲ್ಲಿ 1815ರವರೆಗೆ ಉಳಿಯಿತು. ಅಲ್ಲಿಯೂ ಹೊರನಾಡುಗಳನ್ನು ಆಳಲು ದಿಸಾವ ಎಂಬ ಅಧಿಪತಿಗಳಿದ್ದರು. ಹನ್ನೆರಡು ದಿಸಾವನಿಗಳು, ರಾಜಧಾನಿಯ ಸುತ್ತ ಒಂಬತ್ತು ರಟಗಳು. ತೆರಿಗೆ, ನ್ಯಾಯ, ದಂಡು ಮೂರೂ ದಿಸಾವನ ಕೈಯಲ್ಲಿ, ಆದರೆ ಪದವಿ ಮಾತ್ರ ವರ್ಷಕ್ಕೊಮ್ಮೆ, ಹೊಸವರ್ಷದ ಹೊತ್ತಿಗೆ ಅರಸನಿಗೆ ಕಾಣಿಕೆ ಒಪ್ಪಿಸಿ ಮತ್ತೆ ಪಡೆಯಬೇಕಾದದ್ದು. ಅಷ್ಟು ಬಿಗಿ ಇದ್ದರೂ 1814ರಲ್ಲಿ ಸಬರಗಮುವದ ದಿಸಾವ ಏಹೆಲೆಪೊಳ ಅರಸನ ವಿರುದ್ಧ ತಿರುಗಿದ, ಮರುವರ್ಷ ರಾಜ್ಯವೇ ಇಂಗ್ಲಿಷರ ಪಾಲಾಯಿತು. ನಾಡಿನ ಅಧಿಪತಿ ಇಲ್ಲದೆ ಅರಸ ಆಳಲಾರ, ಇದ್ದರೆ ನಿಶ್ಚಿಂತೆಯಿಂದ ಮಲಗಲಾರ. ಕಲ್ಯಾಣದಲ್ಲೂ ಕ್ಯಾಂಡಿಯಲ್ಲೂ ಇದ್ದ ತೊಡಕು ಒಂದೇ.

ಕಲ್ಯಾಣದ ಅರಸರು ಬೆಳ್ವೊಲದ ಮಟ್ಟಿಗೆ ಕಂಡುಕೊಂಡ ದಾರಿ ಎಂದರೆ ಆ ನಾಡನ್ನು ಯಾರ ಮನೆಯಲ್ಲೂ ಬೇರು ಬಿಡಲು ಕೊಡದಿರುವುದು. ಕೆಲವೊಮ್ಮೆ ಮನೆಯ ಹುಡುಗರನ್ನೇ ಕಳಿಸಿದರು. ಮುಂದೆ ಪಟ್ಟವೇರಿದ ಇಮ್ಮಡಿ ಸೋಮೇಶ್ವರ ಯುವರಾಜನಾಗಿ 1049ರ ಸುಮಾರಿನಿಂದ ಕೆಲವು ವರ್ಷ ಬೆಳ್ವೊಲ, ಪುಲಿಗೆರೆಗಳನ್ನು ಆಳಿ ಆಡಳಿತ ಕಲಿತ. ಮನೆಯ ಹೆಣ್ಣುಮಕ್ಕಳಿಗೂ ನಾಡು ಕೊಟ್ಟರು. ಚಾಲುಕ್ಯ ಅರಸ ಇಮ್ಮಡಿ ಜಯಸಿಂಹನ ಅಕ್ಕ ಅಕ್ಕಾದೇವಿ ಕಿಸುಕಾಡು ಎಪ್ಪತ್ತನ್ನು ದಶಕಗಟ್ಟಲೆ ಆಳಿದಳು. 1047ರಲ್ಲಿ ಗೋಕಾಕದ ಕೋಟೆಗೆ ತಾನೇ ಮುತ್ತಿಗೆ ಹಾಕಿ ಕೂತಳು. ಇಂಥವಳು ಒಬ್ಬಳೇ ಅಲ್ಲ, ಚಾಲುಕ್ಯ ರಾಣಿಯರು ನಾಡು ಆಳಿದ ಶಾಸನಗಳು ಹಲವಿವೆ.

ರಕ್ತಸಂಬಂಧವೂ ಭರವಸೆಯಾಗಲಿಲ್ಲ. ಅಣ್ಣ ಇಮ್ಮಡಿ ಸೋಮೇಶ್ವರನನ್ನು ಇಳಿಸಿ 1076ರಲ್ಲಿ ತಾನೇ ಪಟ್ಟವೇರಿದ ವಿಕ್ರಮಾದಿತ್ಯ ತನ್ನ ತಮ್ಮ ಜಯಸಿಂಹನಿಗೆ ಬನವಾಸಿ, ಸಾಂತಳಿಗೆಗಳ ಜೊತೆಗೆ ಬೆಳ್ವೊಲ, ಪುಲಿಗೆರೆಗಳನ್ನೂ ಕೊಟ್ಟ. ಅಷ್ಟು ಸಂಪತ್ತಿನ ನಾಡುಗಳು ಒಬ್ಬನ ಕೈಯಲ್ಲಿ ಸೇರಿದ್ದೇ ತಡ, ಕೆಲವೇ ವರ್ಷಗಳಲ್ಲಿ ತಮ್ಮ ದಂಡು ಕಟ್ಟಿ ಕೃಷ್ಣೆಯ ದಡಕ್ಕೆ ಬಂದು ನಿಂತ. ಸೋತ, ಸೆರೆಸಿಕ್ಕ. ಬಿಲ್ಹಣ ತನ್ನ ವಿಕ್ರಮಾಂಕದೇವಚರಿತದಲ್ಲಿ ಇದನ್ನು ವಿಸ್ತಾರವಾಗಿ ಬಣ್ಣಿಸಿದ್ದಾನೆ. ಅನಂತರ ವಿಕ್ರಮಾದಿತ್ಯ ತಮ್ಮಂದಿರನ್ನು ನೆಚ್ಚಲಿಲ್ಲ. ದಂಡನಾಯಕ ಅನಂತಪಾಲಯ್ಯನಂಥ ವೃತ್ತಿನಿರತ ಅಧಿಕಾರಿಗಳನ್ನು ಮುಂದೆ ತಂದ. ಏಳೂವರೆ ಲಕ್ಷದ ನಾಡಿನ ಪನ್ನಾಯ ಸುಂಕವನ್ನು ನೋಡಿಕೊಳ್ಳುತ್ತಲೇ ಈ ಅನಂತಪಾಲ ಬೆಳ್ವೊಲ, ಪುಲಿಗೆರೆ, ಬನವಾಸಿಗಳನ್ನೂ ಆಳಿದ. ಅವನ ಮನೆಯವನಾದ ಗೋವಿಂದರಸ ಬನವಾಸಿಯಲ್ಲಿ ಕೆಲಸ ನಡೆಸಿದ. ಅವನ ಐವತ್ತು ವರ್ಷದ ಆಳ್ವಿಕೆಯಲ್ಲಿ ಬೆಳ್ವೊಲದ ಎಷ್ಟೋ ಗುಡಿಗಳು ಎದ್ದವು, ಲೊಕ್ಕಿಗುಂಡಿಯ ಗದ್ಯಾಣ ನಾಣ್ಯ ನಾಡಿನಾಚೆಗೂ ನಡೆಯಿತು. ಅಣ್ಣಿಗೇರಿಯ ಅಮೃತೇಶ್ವರ, ಹುಬ್ಬಳ್ಳಿ ಉಣಕಲ್ಲಿನ ಚಂದ್ರಮೌಳೀಶ್ವರ ಕಲ್ಯಾಣದ ಚಾಲುಕ್ಯರ ಯುಗದ ಕೈಕೆಲಸ.

ಪಶ್ಚಿಮದ ಕಥೆ ಬೇರೆ. ಕುಂದೂರು, ಹಲಸಿಗೆಗಳನ್ನು ಆಳುತ್ತಿದ್ದ ಕದಂಬರು ಹೆಸರಿಗೆ ಮಹಾಮಂಡಲೇಶ್ವರರು. ಅವರನ್ನು ವರ್ಗ ಮಾಡುವ ಪ್ರಶ್ನೆಯೇ ಇರಲಿಲ್ಲ, ಹಡಗು ಬಂದರು ಅವರವು. ವಿಕ್ರಮಾದಿತ್ಯ ತನ್ನ ಮಗಳು ಮೈಲಳದೇವಿಯನ್ನು ಇಮ್ಮಡಿ ಜಯಕೇಶಿಗೆ ಕೊಟ್ಟ. ನರೇಂದ್ರದಲ್ಲಿ ದೊರೆತ 1125ರ ಸುಮಾರಿನ ಶಾಸನ ಈ ದಂಪತಿಯನ್ನು ಹಾಡಿ ಹೊಗಳುತ್ತದೆ. ಆದರೆ ಮದುವೆಯ ನಂಟೂ ಸಾಲದೆ ಹೋದ ಸಂದರ್ಭ ಇತ್ತು. ಯಲಬುರ್ಗಿಯ ಸಿಂದ ಆಚುಗಿ ವಿಕ್ರಮಾದಿತ್ಯನ ಅಪ್ಪಣೆಯಂತೆ ಗೋವೆಯ ಮೇಲೆ ಬಿದ್ದು ಅದನ್ನು ಹಿಡಿದ ಎಂದು ಸಿಂದರ ಶಾಸನಗಳು ಹೇಳುತ್ತವೆ. ಒಬ್ಬ ಅಧಿಪತಿಯನ್ನು ಅಂಕೆಯಲ್ಲಿಡಲು ಇನ್ನೊಬ್ಬ ಅಧಿಪತಿ.

1126ರಲ್ಲಿ ವಿಕ್ರಮಾದಿತ್ಯ ತೀರಿಕೊಂಡ. ಸುಮಾರು ಮೂರು ದಶಕ ಕಳೆಯುವ ಹೊತ್ತಿಗೆ ಕಲ್ಯಾಣದ ಸಿಂಹಾಸನ ಕಲಚುರಿ ಬಿಜ್ಜಳನ ವಶವಾಯಿತು. ಅವನು ಎಲ್ಲಿಯವನು? ತರ್ದವಾಡಿಯ ಮಹಾಮಂಡಲೇಶ್ವರ. ತೈಲಪ ಯಾವ ನಾಡಿನ ಅಧಿಪತಿಯಾಗಿದ್ದುಕೊಂಡು ರಾಷ್ಟ್ರಕೂಟರನ್ನು ಕೆಡವಿದನೋ, ಅದೇ ನಾಡಿನ ಅಧಿಪತಿ ತೈಲಪನ ವಂಶವನ್ನು ಕೆಡವಿದ. ಬಿಜ್ಜಳನ ತಂದೆ ಪೆರ್ಮಾಡಿಯೂ ಅಲ್ಲೇ ಆಳಿದವನು. ವರ್ಗವಾಗದ ಅಧಿಪತಿ, ತಂದೆಯಿಂದ ಮಗನಿಗಿಳಿದ ನಾಡು, ರಾಜಧಾನಿಗೆ ಹತ್ತಿರದ ನೆಲೆ, ಮೂರೂ ಕೂಡಿದ್ದವು. ಬೆಳ್ವೊಲದಲ್ಲಿ ಪಾಲಿಸಿದ ಎಚ್ಚರವನ್ನು ತರ್ದವಾಡಿಯಲ್ಲೂ ಪಾಲಿಸಿದ್ದರೆ ಕಲ್ಯಾಣ ಕೈತಪ್ಪುತ್ತಿರಲಿಲ್ಲ ಎಂಬುದು ನನ್ನ ತೀರ್ಮಾನ.

ಬಿಜ್ಜಳನ ಮಕ್ಕಳ ಕೈ ಸಡಿಲಾದಾಗ ಚಾಲುಕ್ಯ ನಾಲ್ಕನೆಯ ಸೋಮೇಶ್ವರ ದಂಡನಾಯಕ ಬ್ರಹ್ಮನ ಬಲದಿಂದ 1184ರ ಸುಮಾರಿಗೆ ಮತ್ತೆ ಅರಸನಾದ. ಅವನು ನೆಲೆಯೂರಿದ್ದು ಅಣ್ಣಿಗೇರಿಯಲ್ಲಿ. ದೇವಣ್ಣಯ್ಯ ನೆಲೆಸಿ ಆಳಿದ ಊರು, ಸುಟ್ಟ ಬಸದಿಯನ್ನು ಲಕ್ಷ್ಮ ಮತ್ತೆ ನಿಲ್ಲಿಸಿದ ಊರು ಈಗ ಚಾಲುಕ್ಯ ಚಕ್ರವರ್ತಿಯ ರಾಜಧಾನಿ. ಇದು ಏಳಿಗೆಯಂತೆ ಕಂಡರೂ ನಿಜದಲ್ಲಿ ಸಾಮ್ರಾಜ್ಯವೇ ಒಂದು ನಾಡಿನಷ್ಟಕ್ಕೆ ಕುಗ್ಗಿತ್ತು. ಆಗ ಅವನಿಗೆ ನೆಲೆ ಕೊಟ್ಟದ್ದು ಯಾರ ಮನೆಯ ಸೊತ್ತೂ ಆಗದೆ ಉಳಿದಿದ್ದ ಈ ಬೆಳ್ವೊಲವೇ ಎಂಬುದನ್ನು ಮರೆಯಬಾರದು. ಐದಾರು ವರ್ಷಗಳಲ್ಲಿ ಅದೂ ಮುಗಿಯಿತು. ಉತ್ತರದಿಂದ ಸೇವುಣ ಭಿಲ್ಲಮ, ದಕ್ಷಿಣದಿಂದ ಹೊಯ್ಸಳ ವೀರಬಲ್ಲಾಳ ಒತ್ತಿಬಂದರು. ಬಲ್ಲಾಳ ಬ್ರಹ್ಮನನ್ನು ಸೋಲಿಸಿದ, ಸೊರಟೂರಿನಲ್ಲಿ ಭಿಲ್ಲಮನ ದಂಡನ್ನು ಮುರಿದ, 1192ರ ಹೊತ್ತಿಗೆ ಲೊಕ್ಕಿಗುಂಡಿಯಲ್ಲಿ ಬೀಡುಬಿಟ್ಟ. ಮುಂದೆ ಸೇವುಣ ಸಿಂಘಣ ಈ ನಾಡನ್ನು ಕಿತ್ತುಕೊಂಡ.

ಇಷ್ಟೆಲ್ಲ ನಮಗೆ ತಿಳಿದದ್ದು ಊರೂರಿನ ಕಲ್ಲುಗಳಿಂದ. ಈ ಸೀಮೆಯಲ್ಲೇ ಅಧಿಕಾರಿಯಾಗಿ ತಿರುಗಾಡಿದ ಜೆ.ಎಫ್. ಫ್ಲೀಟ್ ಹತ್ತೊಂಬತ್ತನೆಯ ಶತಮಾನದಲ್ಲಿ ಅವುಗಳ ಅಚ್ಚು ತೆಗೆದ, ಓದಿದ. ಆಮೇಲೆ ಧಾರವಾಡದ ಕನ್ನಡ ಸಂಶೋಧನ ಸಂಸ್ಥೆಯ ವಿದ್ವಾಂಸರು ಅದನ್ನು ಮುಂದುವರಿಸಿದರು. ಆದರೂ ಎಷ್ಟೋ ಕಲ್ಲುಗಳು ಗುಡಿಯ ಅಂಗಳದಲ್ಲಿ, ಕೆರೆಯ ಏರಿಯ ಮೇಲೆ ಮಳೆ ಬಿಸಿಲಿಗೆ ನಿಂತಿವೆ. ಸುಣ್ಣ, ಎಣ್ಣೆಬಣ್ಣ ಬಳಿದು ಅಕ್ಷರ ಮುಚ್ಚಿದವೂ ಇವೆ. ಹುಬ್ಬಳ್ಳಿ-ಧಾರವಾಡದ ಸುತ್ತಲಿನ ಹಳ್ಳಿಗಳ ಓದುಗರಲ್ಲಿ ನನ್ನ ಬಿನ್ನಹ ಇಷ್ಟೆ: ನಿಮ್ಮೂರಿನ ಗುಡಿಗೆ ಬಣ್ಣ ಬಳಿಯುವ ಮುಂಚೆ ಅಲ್ಲಿನ ಬರೆದ ಕಲ್ಲನ್ನು ಪ್ರಾಚ್ಯವಸ್ತು ಇಲಾಖೆಯವರಿಗೋ ವಿಶ್ವವಿದ್ಯಾಲಯದ ಶಾಸನತಜ್ಞರಿಗೋ ತೋರಿಸಿ.